ಸತ್ತ ಪ್ರಾಣಿಗಳ ಜೊತೆ ಹದಿನೆಂಟು ವರ್ಷ

ಸತ್ತ ಪ್ರಾಣಿಗಳಿಂದ ನನಗೆ ಈವರೆಗೆ ಯಾವ ತೊಂದರೆಯೂ ಆಗಿಲ್ಲ. ಆಗಿದ್ದೆಲ್ಲ ಅವನ್ನು ನೋಡಲು ಬಂದವರಿಂದ. ಸವದತ್ತಿಯ ಒಂದು ಕಾಲೇಜಿನ ಹಿಂಭಾಗದ ಎರಡು ಕೋಣೆಗಳಲ್ಲಿ ನಮ್ಮ ಪ್ರಾಣಿ ಸಂಗ್ರಹಾಲಯ ಇದೆ. ಹೊಟ್ಟೆಗೆ ಹುಲ್ಲು ತುಂಬಿದ ತೋಳ, ಚಿಪ್ಪುಹಂದಿ, ಬಾಟಲಿಗಳಲ್ಲಿ ಸುರುಳಿ ಸುತ್ತಿದ ಹಾವುಗಳು, ಒಂದಿಷ್ಟು ಹಕ್ಕಿಗಳು. ಅವುಗಳ ಧೂಳು ಒರೆಸುವವಳೂ ನಾನೇ, ಶಾಲೆ ಮಕ್ಕಳಿಗೆ ವಿವರಿಸುವವಳೂ ನಾನೇ, ಕಾರ್ಯಕ್ರಮವಿದ್ದರೆ ಕುರ್ಚಿ ಜೋಡಿಸುವವಳೂ ನಾನೇ. ಸಂಜೆಯಾದರೂ ಯಾರೂ ನನ್ನ ತಲೆ ಕೆಡಿಸದಿದ್ದರೆ, ಇವತ್ತು ಸೋಮವಾರದ ರಜೆಯೇನೋ ಅಂತ ಕ್ಯಾಲೆಂಡರ್ ನೋಡುತ್ತೇನೆ.

೧. ಹನ್ನೆರಡು ನಿಮಿಷ

ರಾಮದುರ್ಗದ ಕಡೆಯಿಂದ ಎರಡು ಬಸ್ ತುಂಬ ಮಕ್ಕಳು ಬಂದರು. ಅವರು ಮುಟ್ಟಿ ನೋಡಲಿ ಎಂದು ನರಿಯ ತಲೆಬುರುಡೆ, ಮುಳ್ಳುಹಂದಿಯ ಮುಳ್ಳು, ಜಿಂಕೆಯ ಕೊಂಬು ಎಲ್ಲ ಮೇಜಿನ ಮೇಲೆ ಹರಡಿ ಮುಂಜಾನೆಯಿಂದ ಕಾದಿದ್ದೆ. ಮಾಸ್ತರರು ಬಸ್ಸಿನಿಂದ ಇಳಿದವರೇ ಗಡಿಯಾರ ನೋಡಿದರು.

“ಅಕ್ಕಾರ, ಇನ್ನೂ ಗುಡ್ಡಕ್ಕ ಹೋಗಬೇಕು, ಆಮ್ಯಾಲ ಡ್ಯಾಮ್ ಐತಿ. ನಿಮ್ಮದು ಹನ್ನೆರಡು ನಿಮಿಷದಾಗ ಮುಗಸ್ರಿ.”

ಮಕ್ಕಳು ಸಾಲಾಗಿ ಓಡಿದರು. ಒಬ್ಬಳು ಮಾತ್ರ ಚಿಪ್ಪುಹಂದಿಯ ಮುಂದೆ ನಿಂತು, “ಇದು ಏನ್ ತಿಂತೈತ್ರಿ?” ಅಂದಳು. ಆ ದಿನದ ಮೊದಲ ಪ್ರಶ್ನೆ ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಅವಳ ರಟ್ಟೆ ಹಿಡಿದು ಎಳೆದರು.

“ಏ, ನೋಡಕೋತ ನಿಂದರಬ್ಯಾಡ! ಹಿಂದಿನವ್ರು ನೋಡಬೇಕಲ್ಲ!”

ಬಸ್ ಹೋದ ಮೇಲೆ ಬಾಗಿಲ ಬಳಿ ಇಟ್ಟಿದ್ದ ಅಭಿಪ್ರಾಯದ ಪುಸ್ತಕ ತೆರೆದೆ. “ಪ್ರತಿಯೊಂದನ್ನೂ ಸವಿಸ್ತಾರವಾಗಿ ವೀಕ್ಷಿಸಿ ಜ್ಞಾನ ಪಡೆದೆವು” ಎಂದಿತ್ತು. ಮಾಸ್ತರರು ಒಳಗೆ ಕಾಲಿಡುವ ಮೊದಲೇ ಬರೆದಿಟ್ಟಿದ್ದರು.

೨. ಗುಬ್ಬಿ ದಿನ

ಗುಬ್ಬಚ್ಚಿಗಳನ್ನು ಉಳಿಸಬೇಕು ಎಂಬ ಕಾರ್ಯಕ್ರಮಕ್ಕೆ ಕಾಲೇಜಿನ ಸಭಾಂಗಣವನ್ನು ನಾನೇ ಹಟ ಹಿಡಿದು ಆರಿಸಿದ್ದೆ. ವೇದಿಕೆಯ ಮೇಲಿನ ಗವಾಕ್ಷಿಯಲ್ಲಿ ಒಂದು ಜೋಡಿ ಗುಬ್ಬಿ ಗೂಡು ಕಟ್ಟಿ ಮೊಟ್ಟೆ ಇಟ್ಟಿತ್ತು. ಭಾಷಣ ಮುಗಿದ ಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಏಣಿ ಹತ್ತಿಸಿ ತೋರಿಸುವ ಆಸೆ ನನಗೆ.

ಮುಂಜಾನೆ ಹೋಗಿ ನೋಡಿದರೆ ಗವಾಕ್ಷಿಗೆ ಹಳೆ ಪೇಪರ್ ತುರುಕಿದ್ದರು. ಗೂಡು ಕಸದ ಬುಟ್ಟಿಯಲ್ಲಿತ್ತು, ಮೊಟ್ಟೆ ಒಡೆದಿದ್ದವು.

“ಯಾರ್ರಿ ತಗದವ್ರು?” ಅಂದೆ.

“ನಾನ ತಗಸೇನ್ರಿ. ಮುಖ್ಯ ಅತಿಥಿಗಳ ತಲಿ ರುಮಾಲದ ಮ್ಯಾಲ ಹೊಲಸು ಬಿದ್ರ ಯಾರು ಹೊಣಿ?” ಅಂದರು ಕಾರ್ಯಕ್ರಮದ ಉಸ್ತುವಾರಿ ಹೊತ್ತ ಹಿರಿಯರು.

ಮುಖ್ಯ ಅತಿಥಿಗಳು ಮುಕ್ಕಾಲು ತಾಸು ಮಾತಾಡಿದರು. “ಎಲ್ಲಿ ಹೋದವು ನಮ್ಮ ಗುಬ್ಬಿ?” ಎಂದು ಮತ್ತೆ ಮತ್ತೆ ಕೇಳಿದರು. ಆ ಎರಡು ಗುಬ್ಬಿಗಳು ಪಕ್ಕದ ಕಿಟಕಿಯ ಹೊರಗೆ ಚಿಂವ್ ಚಿಂವ್ ಅಂತ ಒಂದೇ ಸಮ ಬಡಕೊಳ್ಳುತ್ತಿದ್ದವು. ಕೊನೆಗೆ ಅತಿಥಿಗಳು ಮೈಕ್ ಮೇಲೆ ಕೈ ಮುಚ್ಚಿ ನನ್ನ ಕಡೆ ಬಗ್ಗಿದರು.

“ಆ ಕಿಡಕಿ ಹಾಕ್ರಿ ಅಕ್ಕಾರ. ಮಾತಾಡ್ಲಿಕ್ಕೆ ಭಾಳ ತ್ರಾಸ ಆಗಲಿಕ್ಕತ್ತೈತಿ.”

೩. ಗುರುತು ಹಿಡಿದ ಹಾವು

ಮುರಗೋಡದ ಹತ್ತಿರದ ಶಾಲೆಯೊಂದಕ್ಕೆ ಹೋಗಿ ಹಾವುಗಳ ಬಗ್ಗೆ ಪಾಠ ಮಾಡಿದ್ದೆ. ಕೇರೆಹಾವಿಗೆ ವಿಷವಿಲ್ಲ, ಇಲಿ ತಿಂದು ಹೊಲ ಕಾಯುತ್ತದೆ ಎಂದು ಮಕ್ಕಳಿಂದ ಮೂರು ಸಲ ಹೇಳಿಸಿದೆ. ಹೆಡ್ ಮಾಸ್ತರರೂ ಜೊತೆಗೆ ಹೇಳಿದರು. ಬಂದದ್ದು ಸಾರ್ಥಕವಾಯಿತು ಅಂದುಕೊಂಡೆ.

ಹದಿನೈದು ದಿನ ಕಳೆದು ಅದೇ ಹೆಡ್ ಮಾಸ್ತರರು ಗೊಬ್ಬರದ ಚೀಲ ಹಿಡಿದು ಬಂದರು. ಒಳಗೆ ಉದ್ದನೆಯ ಕೇರೆಹಾವು, ತಲೆ ಜಜ್ಜಿತ್ತು.

“ಸಾಲಿ ಅಡಿಗಿಮನಿಗೆ ಬಂದಿತ್ರಿ. ನೀವು ಹೇಳಿಧಂಗ ತಲಿ ನೋಡಿದ್ವಿ, ಬಾಲ ನೋಡಿದ್ವಿ. ಹುಡುಗ್ರೆಲ್ಲ ಒಂದ ದನಿಲೆ ಹೇಳಿದ್ರು, ಕ್ಯಾರಿ ಹಾವು, ವಿಷ ಇಲ್ಲಾಂತ!” ಅವರ ಮುಖದ ತುಂಬ ಹೆಮ್ಮೆ.

“ಗೊತ್ತಿದ್ದೂ ಯಾಕ ಬಡದ್ರಿ ಸರ್?”

“ಏನಂತ ಕೇಳತೀರಿ ಅಕ್ಕಾರ? ವಿಷ ಇದ್ದಿದ್ರ ಅದರ ಹತ್ರ ಹೋಗೂ ಧೈರ್ಯ ಯಾರಿಗಿತ್ರಿ?”

೪. ಒಂದೇ ಒಂದು

ಎರಿಭೂತ ಅಂದರೆ ಕಪ್ಪು ಮಣ್ಣಿನ ಎರಿ ಹೊಲಗಳ ದೊಡ್ಡ ಹಕ್ಕಿ, ನಿಂತರೆ ನನ್ನ ಸೊಂಟದವರೆಗೆ ಬರುತ್ತದೆ. ಈ ಸೀಮೆಯಲ್ಲಿ ಅದನ್ನು ಯಾರಾದರೂ ಕಂಡು ಎಷ್ಟೋ ಕಾಲವಾಯಿತು. ನಮ್ಮ ಗಾಜಿನ ಕಪಾಟಿನಲ್ಲಿ ಮಾತ್ರ ಒಂದಿದೆ. ಹೋದ ವರ್ಷ ಸರ್ಕಾರದ ಕಡೆಯಿಂದ ಪ್ರಾಣಿ ಪಕ್ಷಿಗಳ ಪಟ್ಟಿ ಮಾಡುವವರೊಬ್ಬರು ಬಂದು ಅದರ ಮುಂದೆಯೇ ಕುರ್ಚಿ ಎಳೆದು ಕುಂತರು.

“ತಾಲೂಕಿನಾಗ ಎರಿಭೂತ ಎಷ್ಟದಾವ್ರಿ?”

“ಒಂದೂ ಇಲ್ರಿ.”

“ಸೊನ್ನಿ ಬರದ್ರ ಮ್ಯಾಲಿನವ್ರು ಕಾರಣ ಕೇಳತಾರ. ಇದು ಒಂದು ಐತಲ್ಲ?”

“ಅದು ಸತ್ತದ್ರಿ!”

ಅವರು ಕಾಗದವನ್ನು ಮೇಲೆ ಕೆಳಗೆ ನೋಡಿದರು. “ಜೀವಂತ ಇರಬೇಕಂತ ಎಲ್ಲೂ ಬರದಿಲ್ಲಲ್ರಿ.” ನಾನು ಸಹಿ ಮಾಡಲಿಲ್ಲ. ಅವರು ಒಂದು ಅಂತ ಬರೆದುಕೊಂಡು ಹೋದರು.

ಆ ಪಟ್ಟಿ ಎಲ್ಲೆಲ್ಲಿ ಓಡಾಡಿತೋ ಏನೋ. ಒಂದು ದಿನ ಹತ್ತೂವರೆಗೆ ನಾನು ಬೀಗ ತೆಗೆಯಲು ಬಂದರೆ, ಬಾಗಿಲ ಮುಂದೆ ದೂರದ ಊರಿನ ಇಬ್ಬರು ನಿಂತಿದ್ದರು. ಹಸಿರು ಬಟ್ಟೆ, ಹೆಗಲಿಗೆ ತೋಪಿನಂಥ ಕ್ಯಾಮೆರಾ, ಮೊಣಕಾಲಿನವರೆಗೆ ಕೆಸರು. ಬೆಳಗಿನ ಜಾವದಿಂದ ಹೂಲಿಯ ಹೊಲಗಳಲ್ಲಿ ಎರಿಭೂತ ಹುಡುಕಿದ್ದರಂತೆ. ಇಲ್ಲಿಗೆ ಹೇಗೆ ಬಂದಿರಿ ಎಂದು ಕೇಳಿದೆ.

ಕಳೆ ತೆಗೆಯುತ್ತಿದ್ದ ಒಬ್ಬ ಅಜ್ಜನಿಗೆ ಮೊಬೈಲಿನಲ್ಲಿ ಹಕ್ಕಿಯ ಚಿತ್ರ ತೋರಿಸಿದರಂತೆ. ಮೊಮ್ಮಗಳ ಜೊತೆ ಒಮ್ಮೆ ನಮ್ಮಲ್ಲಿಗೆ ಬಂದು ಹೋಗಿದ್ದ ಆ ಅಜ್ಜ ಚಿತ್ರವನ್ನು ಬಹಳ ಹೊತ್ತು ನೋಡಿ ಹೇಳಿದನಂತೆ:

“ಐತ್ರಿ, ಸವದತ್ತ್ಯಾಗ ಐತಿ. ಅವಸರ ಮಾಡಬ್ಯಾಡ್ರಿ, ಹತ್ತೂವರಿ ಆದ ಮ್ಯಾಲ ಕಾಣತೈತಿ. ಸೋಮವಾರ ಮಾತ್ರ ಹೋಗಬ್ಯಾಡ್ರಿ, ಅವತ್ತು ಅದಕ್ಕ ರಜಾ.”