ನನ್ನ ಸಕ್ಕರೆ ಅಳೆಯುವ ಯಂತ್ರಕ್ಕೆ, ಕಹಿ ಕಾಫಿಯ ವಿಚಾರವಾಗಿ

ಮಾನ್ಯರೇ,

ದಮಿಯತ್ತಾ ಪಟ್ಟಣದಲ್ಲಿ ಕುರ್ಚಿಗಳ ಬೆನ್ನಿಗೆ ಹೂಬಳ್ಳಿ ಕೆತ್ತಿ ಬದುಕುವ, ಹನ್ನೊಂದು ವರ್ಷಗಳಿಂದ ದಿನಕ್ಕೆ ನಾಲ್ಕು ಬಾರಿ ತಮಗೆ ರಕ್ತ ಒಪ್ಪಿಸುತ್ತ ಬಂದ ಬದೀರ್ ಶಲಬಿ ಎಂಬ ನಾನು, ತಾವು ಕ್ಷೇಮವೆಂದು ನಂಬಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ನಲವತ್ತು ದಿನ ತಾವು ಅಡುಗೆಮನೆಯ ಡ್ರಾಯರಿನಲ್ಲಿ ತುಕ್ಕು ಹಿಡಿದ ಬೀಗದ ಕೈಗಳ ಜೊತೆ ಮಲಗಿದ್ದದ್ದು ನನ್ನ ಮರೆವಿನಿಂದಲ್ಲ.

ತಮ್ಮ ನ್ಯಾಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ವಾರವಿಡೀ ಬೇಯಿಸಿದ ಸೊಪ್ಪು ತಿಂದವನಿಗೆ ತಾವು ಇನ್ನೂರ ನಲವತ್ತು ಎನ್ನುತ್ತೀರಿ. ಪಾಕ ತೊಟ್ಟಿಕ್ಕುವ ಮುಶಬ್ಬಕ್ ಮಿಠಾಯಿಯನ್ನು ಅಂಗಡಿಯ ಹಿಂದೆ ನಿಂತು ಕದ್ದು ತಿಂದ ದಿನ ನೂರ ಮೂವತ್ತು ಎಂದು ಬೆನ್ನು ತಟ್ಟುತ್ತೀರಿ. ತಾವು ಮನೆಗೆ ಬಂದ ಮೇಲೆ ನನ್ನನ್ನು ಯಾರೂ ಹೇಗಿದ್ದೀಯ ಎಂದು ಕೇಳಿಲ್ಲ. ಹೆಂಡತಿ ಇನ್‌ಶಿರಾಹ್, ಪಕ್ಕದಲ್ಲಿ ಕೂತು ಉಳಿ ಹಿಡಿಯುವ ಕೆತ್ತನೆಯವರು, ಕೊನೆಗೆ ಮೀನು ಮಾರುವವನು ಕೂಡ ಎಷ್ಟು ಬಂತು ಎಂದೇ ಕೇಳುತ್ತಾರೆ. ಒಬ್ಬ ಮನುಷ್ಯನನ್ನು ಮೂರು ಅಂಕಿಗಳಲ್ಲಿ ಮುಗಿಸಿಬಿಡುವ ಈ ಮಿತವ್ಯಯಕ್ಕೆ ಊರು ತಮಗೆ ಋಣಿ.

ತಮ್ಮನ್ನು ಬಿಟ್ಟು ನಾನು ಎಲ್ಲಿಗೆ ಹೋಗುತ್ತಿದ್ದೆನೆಂಬುದನ್ನೂ ವಿನಯದಿಂದ ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಮನೆಗೆ ಬಂದವನ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕದಿದ್ದರೆ ಅವಮಾನ. ಬೇಡವೆಂದರೆ ಅರ್ಧ ಗಂಟೆ ಕಾಯಿಲೆಯ ಕಥೆ ಹೇಳಬೇಕು, ಇನ್ನರ್ಧ ಗಂಟೆ ಮೆಂತ್ಯದ ನೀರಿನ ಉಪದೇಶ ಕೇಳಬೇಕು. ಸಾವಿನ ಶಾಮಿಯಾನದಲ್ಲಿ ಮಾತ್ರ ಎಲ್ಲರಿಗೂ ಸಕ್ಕರೆಯಿಲ್ಲದ ಕಾಫಿ. ಅಲ್ಲಿ ಯಾರೂ ಒತ್ತಾಯಿಸುವುದಿಲ್ಲ, ದಣಿದ ಮುಖ ಮರ್ಯಾದೆಯ ಲಕ್ಷಣ. ಹೀಗೆ ಹತ್ತೊಂಬತ್ತು ಸಾವುಗಳಿಗೆ, ಬಹುಪಾಲು ಗುರುತಿಲ್ಲದವರ ಸಾವುಗಳಿಗೆ, ತಲೆ ತಗ್ಗಿಸಿ ಕೂತು ಬಂದೆ. ಒಂದು ಕಡೆ ತೀರಿಕೊಂಡವರ ಮಗನೇ ನನ್ನ ಮುಖ ನೋಡಿ, ನನ್ನ ಭುಜ ಹಿಡಿದು ಸಮಾಧಾನ ಹೇಳಿದ.

ಆ ದಿನಗಳ ಅಂಕಿಗಳನ್ನು ತಮಗೆ ತೊಂದರೆ ಕೊಡದೆ ನಾನೇ ತಯಾರಿಸಿದೆ: ನೂರ ಹನ್ನೆರಡು, ನೂರ ಹದಿನೆಂಟು, ನೂರ ಒಂಬತ್ತು. ಕೆತ್ತನೆಯವನಿಗೆ ಅಳತೆಯ ಅಂದ ತಿಳಿಯದೆ? ಡಾಕ್ಟರು ತಲೆದೂಗಿದರು. ನರ್ಸ್ ಮಾಗ್ದಾ ಮಾತ್ರ ಸೂಜಿಯ ಮೊನೆಯಿಂದ ನನ್ನ ಎಡಗಾಲ ಹೆಬ್ಬೆರಳನ್ನು ಮುಟ್ಟಿ ತಿಳಿಯಿತೇ ಎಂದರು. ತಿಳಿದಿರಲಿಲ್ಲ. ಆಮೇಲೆ ನಾನು ಅಂಕಿ ಬರೆದಿಡುವ ಲೆಕ್ಕದ ಪುಸ್ತಕವನ್ನು ಇನ್ನೊಮ್ಮೆ ತಿರುವಿ ಹೇಳಿದರು:

"ಉಸ್ತಾದ್, ಮುಂಚೆ ಇದರಲ್ಲಿ ಪುಟಪುಟಕ್ಕೂ ರಕ್ತದ ಕಲೆ ಇರ್ತಿತ್ತು. ಈಗ ನೋಡಿ, ಮದುವೆ ಕಾಗದದ ಹಾಗಿದೆ. ನೀವು ಸೋಮಾರಿಯಲ್ಲ, ಸೋತುಹೋಗಿದೀರಿ. ಅದಕ್ಕೂ ದಾರಿ ಇದೆ, ನನ್ನ ಹತ್ತಿರ ಬಂದು ಬಯ್ಯಿರಿ, ಅಳಿ. ಸುಳ್ಳು ಮಾತ್ರ ಬರೀಬೇಡಿ, ಈ ಕಾಲಿಗೆ ಕಾಯೋ ತಾಳ್ಮೆ ಇಲ್ಲ."

ಪಕ್ಕದಲ್ಲಿದ್ದ ಇನ್‌ಶಿರಾಹ್ ಎಲ್ಲವನ್ನೂ ಕೇಳಿಸಿಕೊಂಡಳು; ಶಾಮಿಯಾನಗಳ ವಿಚಾರವನ್ನು ದಾರಿಯಲ್ಲಿ ನಾನೇ ಒಪ್ಪಿಕೊಂಡೆ. ಮರುದಿನ ಅವಳು ಮನೆಯಲ್ಲೇ ಆ ಸಕ್ಕರೆಯಿಲ್ಲದ ಸಾವಿನ ಕಾಫಿ ಕಾಸಿ, ನನ್ನೆದುರು ಕೂತು ತಾನೂ ಕುಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ಉಮ್ಮ್ ವಗ್ದಿ ಬಂದಳು. ಅವಳಿಗೂ ಒಂದು ಕಪ್ಪು ಸಿಕ್ಕಿತು. ಒಂದು ಗುಟುಕಿಗೇ ಎದೆಯ ಮೇಲೆ ಕೈಯಿಟ್ಟು, ಯಾರು ಹೋದರೆಂದು ಪಿಸುಗುಟ್ಟಿದಳು.

"ಯಾರೂ ಹೋಗಿಲ್ಲ ಕಣೇ," ಎಂದಳು ಇನ್‌ಶಿರಾಹ್. "ಹೋಗದೆ ಇರ್ಲಿ ಅಂತಾನೇ ಮಾಡಿದ್ದು. ಸುಮ್ನೆ ಕುಡಿ. ಇವರಿಗೆ ಎಷ್ಟು ಬಂತು ಅಂತ ಮಾತ್ರ ಕೇಳ್ಬೇಡ."

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟೇ: ಶುಕ್ರವಾರಗಳಂದು ಕಾಯಿಲೆಗೆ ರಜೆ ಕೊಡಿಸಬೇಕು, ಮೆಂತ್ಯದ ಉಪದೇಶಕರ ಬೆರಳುಗಳನ್ನೂ ಆಗಾಗ ಚುಚ್ಚಬೇಕು, ಒಮ್ಮೆಯಾದರೂ ಅಂಕಿಯ ಬದಲು, ಹೇಗಿದ್ದೀಯ ಎಂದು ತೋರಿಸಬೇಕು. ಇವು ತಮ್ಮ ಕೈಲಾಗವೆಂದು ಬಲ್ಲೆ. ಆದರೂ ಇವತ್ತು ಬೆಳಿಗ್ಗೆ ತಮ್ಮನ್ನು ಹೊರತೆಗೆದೆ. ಇನ್ನೂರ ಎಂಬತ್ತೇಳು. ಹಾಗೆಯೇ ಬರೆದೆ. ಬರೆಯುವಾಗ ಬೆರಳಿನಿಂದ ಪುಟದ ಮೇಲೆ ಒಂದು ಹನಿ ಬಿತ್ತು, ಒರೆಸಲಿಲ್ಲ.

ಹತ್ತೂ ಬೆರಳುಗಳ ಪರವಾಗಿ,
ತಮ್ಮ ವಿಶ್ವಾಸಿ,
ಬದೀರ್ ಶಲಬಿ

ವಿ.ಸೂ.: ಡ್ರಾಯರಿನಿಂದ ತೆಗೆದಾಗ ತಾವು ಎರಡು ಸಲ ಮಿನುಗಿ ಆರಿಹೋದಿರಿ. ಇನ್‌ಶಿರಾಹ್ ಏನೂ ಕೇಳದೆ ಹೊಸ ಬ್ಯಾಟರಿ ಹಾಕಿದಳು. ತಮ್ಮನ್ನು ಯಾರೂ ಬೇಜವಾಬ್ದಾರಿ ಎನ್ನಲಿಲ್ಲ, ಮೆಂತ್ಯದ ನೀರನ್ನೂ ಕುಡಿಸಲಿಲ್ಲ. ಗಮನಿಸಿದ್ದೀರೆಂದು ಭಾವಿಸುತ್ತೇನೆ.