ತೊಂಬತ್ತಮೂರನೆಯ ದಿನ ಊರು ಖಾಲಿಯಾಯಿತು

ಸೋತದ್ದನ್ನು ಒಪ್ಪಿಕೊಳ್ಳುವುದರಲ್ಲಿ ನಾನು ತಡಮಾಡುವವನಲ್ಲ. ಯಾವುದರಲ್ಲಿಯೂ ತಡಮಾಡುವವನಲ್ಲ, ತೊಂದರೆ ಇರುವುದೇ ಅಲ್ಲಿ. ಮೂವತ್ತನಾಲ್ಕು ವರ್ಷ ಕಲಬುರಗಿಯ ಒಂದು ಡಿಪೋದಲ್ಲಿ ಕೂತು, ಯಾವ ಬಸ್ಸು ಯಾವ ನಿಮಿಷಕ್ಕೆ ಗೇಟು ದಾಟಬೇಕೆಂದು ನೋಡಿಕೊಂಡವನು ನಾನು. ನಿವೃತ್ತನಾದ ಮರುದಿನ ನೋಡಿಕೊಳ್ಳಲು ಬಸ್ಸುಗಳಿರಲಿಲ್ಲ. ಇದ್ದವಳು ಹೆಂಡತಿ ಕಸ್ತೂರಿ ಒಬ್ಬಳೇ. ಹಾಗಾಗಿ ಅಡುಗೆಮನೆಯ ಗೋಡೆಗೆ ಒಂದು ವೇಳಾಪಟ್ಟಿ ಹಚ್ಚಿದೆ. ಐದು ಹತ್ತಕ್ಕೆ ಏಳುವುದು, ಏಳು ನಲವತ್ತಕ್ಕೆ ನಾಷ್ಟಾ, ಒಂದಕ್ಕೆ ಊಟ, ನಾಲ್ಕೂಕಾಲಿಗೆ ಚಹಾ. ಸಂಜೆ ಆರೂವರೆಯಿಂದ ಆರೂ ಐವತ್ತರವರೆಗೆ ‘ಪರಸ್ಪರ ಮಾತುಕತೆ’. ನಾನು ಕಟುಕನಲ್ಲ, ಮಾತಿಗೂ ಇಪ್ಪತ್ತು ನಿಮಿಷ ಕೊಟ್ಟಿದ್ದೆ.

ನನಗೆ ಮೊಬೈಲ್ ಆಟ ಹಚ್ಚಿದವರು ಖಲೀಲ್ ಸಾಹೇಬರು. ಅದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ಈಗ ಊರಿನ ರೋಜಾ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ಗೆಳೆಯರು, ದಿನಾ ನಾಲ್ಕೂಕಾಲಿನ ಚಹಾಕ್ಕೆ ನಾಲ್ಕೂವರೆಗೆ ಬರುತ್ತಾರೆ. ಆಟದಲ್ಲಿ ನಾವು ಒಂದು ಊರು ಕಟ್ಟಬೇಕು, ನೂರು ದಿನ ನಡೆಸಬೇಕು. ಆಟದ ಒಂದು ದಿನವೆಂದರೆ ನಮ್ಮ ಹತ್ತು ನಿಮಿಷ. ಜನ ಬೇಸರಗೊಂಡರೆ ಪಕ್ಕದ ಊರಿಗೆ ವಲಸೆ ಹೋಗುತ್ತಾರೆ. ಹೋಗದಂತೆ ಆಗಾಗ ಹಬ್ಬ ಮಾಡಿಸಬೇಕು, ರಜೆ ಕೊಡಬೇಕು. ನನಗದು ಹಿಡಿಸಲಿಲ್ಲ.

“ಒಂದೂ ಹಬ್ಬ ಇಲ್ದ, ಒಂದೂ ರಜಾ ಇಲ್ದ ನೂರು ದಿನ ನಡಸಿ ತೋರಸ್ತೀನಿ. ಬರೇ ಶಿಸ್ತಿನ ಮ್ಯಾಲೆ. ನಡುವ ಕೆಟ್ಟರ ಹಿಂದಿನ ದಿನಕ್ಕ ಹೋಗಿ ತಿದ್ದೂದೂ ಇಲ್ಲ” ಎಂದೆ.

“ಕ್ಯಾ ಬಾತ್ ಕರತೇ ಸಾಬ್! ಹಬ್ಬ ಇಲ್ದ ಊರು ಊರಾಗ್ತದೇನ್ರೀ? ಡಿಪೋ ಆಗ್ತದ” ಎಂದರು ಖಲೀಲ್.

ಒಳಗಿನಿಂದ ಕಸ್ತೂರಿ ನಕ್ಕಳು. ಆಮೇಲೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ನಿಮ್ಮ ಊರು ನೂರು ದಿನ ನಿಂತರ ಗ್ವಾಡಿ ಮ್ಯಾಲಿನ ಪಟ್ಟಿ ಇರಲಿ, ನಾ ಸಾಯೂತನ ಅದರಂಗ ನಡೀತೀನಿ. ಬಿತ್ತಂದ್ರ ಪಟ್ಟಿ ತಗೀಬೇಕು. ಆಗ್ಲೇನು?”

“ಆಗ್ಲಿ” ಎಂದೆ. ಸಾಕ್ಷಿಗೆ ಖಲೀಲ್ ಇದ್ದರು.

ಎಪ್ಪತ್ತನೆಯ ದಿನದವರೆಗೆ ನನ್ನ ಊರನ್ನು ನೀವು ನೋಡಬೇಕಿತ್ತು. ಗೆರೆ ಎಳೆದಂಥ ರಸ್ತೆ, ಬಾಯಿಮಟ ತುಂಬಿದ ಕಣಜ, ನಡುವೆ ಗಡಿಯಾರದ ಗೋಪುರ. ಕಳ್ಳರಿಲ್ಲ, ರೋಗವಿಲ್ಲ. ಪಕ್ಕದ ಊರಿನಲ್ಲಿ ರಸ್ತೆ ಸೊಟ್ಟ, ಕಣಜ ಅರ್ಧ, ಯಾವಾಗಲೂ ಡೋಲಿನ ಸದ್ದು. ಎಪ್ಪತ್ತೊಂದನೆಯ ದಿನ ನನ್ನ ಕಮ್ಮಾರ ಗಂಟು ಕಟ್ಟಿಕೊಂಡು ಆ ಊರಿಗೆ ಹೊರಟ. ಅವನ ಮೇಲೆ ಬೆರಳಿಟ್ಟರೆ ಅವನ ಸ್ಥಿತಿ ಕಾಣುತ್ತದೆ. ಆಹಾರ: ಸಾಕಷ್ಟು. ಮನೆ: ಉತ್ತಮ. ಭದ್ರತೆ: ಉತ್ತಮ. ಅದರ ಕೆಳಗೆ: ಹೊರಟಿದ್ದಾನೆ.

“ಇವಗೇನು ಕಮ್ಮಿ ಆಗ್ಯಾದ?” ಎಂದು ನಾನು ರೇಗಿದೆ. ಸಂಜೆ ಆರಕ್ಕೆ ಊರಬಾಗಿಲು ಮುಚ್ಚಬೇಕೆಂದು ಆಜ್ಞೆ ಮಾಡಿದೆ. ಜನ ಐದಕ್ಕೇ ಹೋಗತೊಡಗಿದರು. ಸಮಯಪಾಲನೆಯನ್ನು ನಾನೇ ಕಲಿಸಿದ್ದೆನಲ್ಲ! ತೊಂಬತ್ತಮೂರನೆಯ ದಿನ ಉಳಿದವನು ಒಬ್ಬನೇ, ಗಡಿಯಾರದ ಗೋಪುರದವನು. ಅವನು ನಾಲ್ಕರ ಗಂಟೆ ಬಾರಿಸಿದ, ಇಳಿದುಬಂದ, ಅವನೂ ಹೋದ.

ಅವತ್ತು ಎರಡನೆಯ ಶನಿವಾರ. ಖಲೀಲ್ ಪಕ್ಕದಲ್ಲೇ ಕೂತಿದ್ದರು. ಇನ್ನೇನು ಹಂಗಿಸುತ್ತಾರೆ ಎಂದು ನಾನು ಕಾದರೆ, ಅವರು ಕೇಳಿದ್ದು ಬೇರೆ. “ಚಾ ಇಲ್ಲೇನ್ರೀ ಇವತ್ತ? ಭಾಭಿ ಎಲ್ಲಿ?”

“ಕಮಲಾಪುರಕ್ಕ ಹೋಗ್ಯಾಳ, ತಂಗಿ ಮನಿಗೆ. ತಿಂಗಳಾ ಎರಡನೇ ಶನಿವಾರ ಹೋಗಿ ಸೋಮವಾರ ಬರ್ತಾಳಲ್ಲ.”

ಖಲೀಲ್ ಖಾಲಿ ಊರನ್ನು ನೋಡಿದರು, ನನ್ನನ್ನು ನೋಡಿದರು, ಟೋಪಿ ಸರಿಮಾಡಿಕೊಂಡರು. “ನಡೀರಿ, ಹೊರಗ ಚಾ ಕುಡಿಯೋಣ” ಎಂದರು. ಮೂವತ್ತು ವರ್ಷದಲ್ಲಿ ನನ್ನನ್ನು ಹಂಗಿಸುವ ಅವಕಾಶವನ್ನು ಅವರು ಬಿಟ್ಟುಕೊಟ್ಟದ್ದು ಅದೊಂದೇ ಸಲ.

ಅವಳು ಬಾಳೆಹಣ್ಣಿಗಾಗಿ ಕಮಲಾಪುರಕ್ಕೆ ಹೋಗುತ್ತಾಳೆ ಎಂದೇ ನಾನು ತಿಳಿದಿದ್ದೆ. ಬರುವಾಗ ತಪ್ಪದೆ ಒಂದು ಡಜನ್ ಕೆಂಪು ಬಾಳೆ ತರುತ್ತಾಳೆ. ಆ ಹಣ್ಣು ನಮ್ಮ ಬಜಾರಿನಲ್ಲಿಯೂ ಸಿಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ತೆಗೆದೆ. ಅದರ ಹಿಂದೆ ಗೋಡೆ ಮೊದಲಿನ ಬಣ್ಣದಲ್ಲೇ ಇತ್ತು. ಪಟ್ಟಿಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಸೋತದ್ದನ್ನು ಅವಳಿಗೆ ಸೋಮವಾರ ಹೇಳಬಹುದಿತ್ತು, ಹೇಳದೆಯೂ ಇರಬಹುದಿತ್ತು. ಆದರೆ ಅಷ್ಟು ತಡ ನನಗೆ ಆಗದು. ಬಸ್ಸು ಏಳು ನಿಮಿಷ ತಡವಾಗಿ ಹೊರಟಿತು. ನಾನು ಕಂಡಕ್ಟರನಿಗೆ ಏನೂ ಅನ್ನಲಿಲ್ಲ. ಇದನ್ನು ದಯವಿಟ್ಟು ಗಮನಿಸಬೇಕು.

ನಾದಿನಿ ನೀಲಮ್ಮ ಬಾಗಿಲಲ್ಲೇ ತಡೆದಳು. “ಸಾವಕಾಶ ಬರ್ರಿ ಭಾವಾರ, ಅಕ್ಕ ಮಲಗ್ಯಾಳ.”

ಗಡಿಯಾರ ನೋಡಿದೆ. ಹತ್ತೂ ಐವತ್ತು. “ಈ ಹೊತ್ತಿನ್ಯಾಗ? ಆರಾಮಿಲ್ಲೇನು?”

“ಆರಾಮದಾಳ. ಅದಕ್ಕ ಮಲಗ್ಯಾಳ.”

ಪಡಸಾಲೆಯ ಹೊರಸಿನ ಮೇಲೆ, ಕೈ ತಲೆದಿಂಬು ಮಾಡಿಕೊಂಡು, ಕಸ್ತೂರಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಮದುವೆಯಾಗಿ ನಲವತ್ತು ವರ್ಷವಾದರೂ ಹಗಲಿನಲ್ಲಿ ಅವಳು ಮಲಗಿದ್ದನ್ನು ನಾನು ನೋಡಿರಲಿಲ್ಲ. ಪಟ್ಟಿಯನ್ನು ಅವಳ ಕೈಗೆಟುಕುವಂತೆ ಹೊರಸಿನ ಮೂಲೆಯಲ್ಲಿಟ್ಟೆ. ಎಬ್ಬಿಸಲಿಲ್ಲ. ಕೈಗಡಿಯಾರ ಬಿಚ್ಚಿ ಕಿಸೆಗೆ ಹಾಕಿ ಎದುರಿನ ಕುರ್ಚಿಯಲ್ಲಿ ಕೂತೆ, ಅವಳಾಗಿ ಏಳುವವರೆಗೆ, ಹೊತ್ತಿನ ಪರಿವೆ ಇಲ್ಲದೆ.

ನಲವತ್ತೆರಡು ನಿಮಿಷ.