ಕಾರಿಗೆ ನಾನು ಮಾಡಿದ ಎತ್ತಿನ ವೈದ್ಯ

ಎತ್ತಿನ ಸುಳಿ, ಹಲ್ಲು, ಗೊರಸು ನೋಡಿ ಅದರ ಗುಣ ಹೇಳುವುದರಲ್ಲಿ ಪಾವಗಡದಲ್ಲೇ ನನ್ನನ್ನು ಮೀರಿಸುವವರಿರಲಿಲ್ಲ. ಹಾಗೆಂದು ನಾನೇ ಎಲ್ಲರಿಗೂ ಹೇಳಿದ್ದೆ. ಆದ್ದರಿಂದ ನಮ್ಮ ಮುದಿ ಕಾರಿನ ಮುಂದಿನ ಎಡಚಕ್ರದ ಟೈರು ಒಳಮಗ್ಗುಲಲ್ಲಿ ಮಾತ್ರ ನುಣ್ಣಗೆ ಸವೆದಿರುವುದು ಕಂಡಾಗ ಕಿಂಚಿತ್ತೂ ಧೃತಿಗೆಡಲಿಲ್ಲ.

ಧೃತಿಗೆಡಬೇಕಿತ್ತು! ಅದು ಯುದ್ಧದ ಕಾಲ. ಹೊಸ ಟೈರು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ನನ್ನ ಹೆಂಡತಿ ಗಂಗಮ್ಮ ಚೊಚ್ಚಲ ಬಸುರಿ. ಒಂಬತ್ತಕ್ಕೆ ಬಿದ್ದೊಡನೆ ಅವಳನ್ನು ಮಧುಗಿರಿಯ ತವರಿಗೆ ತಲುಪಿಸಬೇಕಿತ್ತು. ದಾರಿಯಲ್ಲಿ ಟೈರು ಸಿಡಿದು ಅವಳಿಗೇನಾದರೂ ಆದರೆ? ಈ ಯೋಚನೆ ಬಂದ ದಿನದಿಂದ ನನಗೆ ಅನ್ನ ಸೇರಲಿಲ್ಲ.

ಕೂಡಲೇ ರೋಗನಿದಾನಕ್ಕೆ ಇಳಿದೆ. "ನೀನು ಎಡಗಡೆ ಕೂತು ಕೂತು ಕಾರು ವಾಲಿಬಿಟ್ಟಿದೆ ಕಣೇ," ಎಂದೆ.

"ಈ ವರ್ಸ ನಾನು ಆ ಕಾರು ಹತ್ತಿರಾದೇ ಮೂರು ಸಲ ಕಣ್ರೀ! ದಿನಾ ಬಲಗಡೆ ಕೂರೋರು ಯಾರು? ಮೊದ್ಲು ನಿಮ್ ಹೊಟ್ಟೆ ನೋಡ್ಕಳಿ!"

ನಿದಾನವನ್ನು ಗೌರವಪೂರ್ವಕವಾಗಿ ಹಿಂದಕ್ಕೆ ಪಡೆದೆ.

ಆಮೇಲೆ ಹೊಳೆಯಿತು. ಜೋಡಿಯಲ್ಲಿ ಎಡಗಡೆಯ ಎತ್ತು ಸೋತರೆ ಏನು ಮಾಡುತ್ತೇವೆ? ಬಲಗಡೆಯದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಬದಲಾಯಿಸಿ ಕಟ್ಟುತ್ತೇವೆ! ಮುಂದಿನ ಎರಡೂ ಚಕ್ರ ಬಿಚ್ಚಿ ಅದಲು ಬದಲು ಮಾಡಿದೆ. ಪಕ್ಕದ ಮನೆಯ ಓಬಳಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

"ಬುದ್ಧಿ ಅಂದ್ರೆ ನಿಂದು ಕಣಣ್ಣ! ಎತ್ತಿಗೂ ಕಾರಿಗೂ ಏನ್ ತ್ಯಾಡ?"

ಆ ವ್ಯತ್ಯಾಸ ಏನೆಂಬುದು ಹದಿನೈದು ದಿನದಲ್ಲಿ ತಿಳಿಯಿತು. ಎಡಕ್ಕೆ ಹಾಕಿದ ಒಳ್ಳೆಯ ಟೈರೂ ಒಳಮಗ್ಗುಲಲ್ಲಿ ಬೋಳಾಗಿತ್ತು. ಒಂದು ಕೆಟ್ಟ ಟೈರಿದ್ದ ಕಡೆ ಈಗ ಎರಡು! ಮಾರನೆಯ ದಿನವೇ ತವರಿಗೆ ಹೊರಡುವ ಮುಹೂರ್ತ.

ಹೊರಟೆವು. ಕಲ್ಲು ಕಂಡರೆ ಭಯ, ಗುಂಡಿ ಕಂಡರೆ ಭಯ, ಏನೂ ಕಾಣದಿದ್ದರೆ ಇನ್ನೂ ಭಯ. ಫರ್ಲಾಂಗಿಗೊಮ್ಮೆ ಇಳಿದು ಟೈರು ಮುಟ್ಟಿ ನೋಡುತ್ತಿದ್ದೆ. ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬಳು ನಮ್ಮನ್ನು ದಾಟಿ ಮುಂದೆ ಹೋದಳು.

ಮಿಡಿಗೇಶಿ ದಾಟಿದ ಮೇಲೆ ಢಮಾರ್!

ಕಾರು ಎಡಕ್ಕೆ ಎಳೆದು ಹೊಂಗೆಮರದ ಬುಡದಲ್ಲಿ ನಿಂತಿತು. ಕಿಟಾರನೆ ಕಿರುಚಿದ್ದು ಕೇಳಿಸಿತು. ಗಂಗಮ್ಮನಲ್ಲ, ನಾನು!

ದೇವರು ದೊಡ್ಡವನು. ಹಿಂದೆಯೇ ಮಧುಗಿರಿಯ ಬಸ್ಸು ಬಂತು. ಅದರ ಡ್ರೈವರ್ ಬುಡೇನ್ ಸಾಬರು, ಸಿರಾದವರು, ಇಳಿದು ಬಂದು ಕಾರಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರು.

"ಟೈರಿಂದು ಐಬಿಲ್ಲ ಯಜಮಾನ್ರೇ. ಅಚ್ಚೇ ಬಗ್ಗೈತೆ! ಎಡಚಕ್ರದ ತಲೆ ಒಳಕ್ಕೆ ವಾಲೈತೆ, ನೋಡಿ. ಅಲ್ಲಿಗೆ ಯಾವ ಟೈರ್ ಹಾಕಿದ್ರೂ ಒಳಗಡೇನೇ ಸವೀತದೆ. ಗಾಡಿ ಅಚ್ಚು ಬಗ್ಗಿದ್ರೆ ಎತ್ತು ಬದ್ಲಾಯಿಸ್ತಾರಾ ಯಾರಾದ್ರೂ?"

ಹಾಗೆ ಬದಲಾಯಿಸಿದವನು ಅವರೆದುರಿಗೇ ನಿಂತಿದ್ದ.

ಗಂಗಮ್ಮನನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ, ಸಿಡಿದ ಟೈರಿನೊಳಗೆ ಪಕ್ಕದ ಹೊಲದ ರಾಗಿಹುಲ್ಲು ತುಂಬಿಸಿ ಸಾಬರು ಹೊರಟರು. ಹುಲ್ಲಿನ ಟೈರಿನ ಮೇಲೆ ನಾನು ತೆವಳಿದೆ. ಬಸ್ಸಿನ ಕುಲುಕಾಟಕ್ಕೆ ದಾರಿಯಲ್ಲೇ ನೋವು ಬಂದಿದ್ದರೆ? ಮಿಡಿಗೇಶಿಯಿಂದ ಮಧುಗಿರಿಯವರೆಗೆ ನಾನು ಹರಕೆ ಹೊರದ ದೇವರಿಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ಮಾವನ ಮನೆ ಸೇರಿದೆ. ಬಾಗಿಲಲ್ಲಿ ಸೂಲಗಿತ್ತಿ ನಿಂಗಮ್ಮ ನಿಂತಿದ್ದಳು! ಕಾರಿನಿಂದ ಧುಮುಕಿ ಓಡಿದೆ.

"ಗಂಗಂಗೆ... ಏನಾಯ್ತಮ್ಮಾ?"

"ಅವ್ರಿಗೇನಾಯ್ತದೆ? ಒಳಗೆ ಕೂತು ಮುದ್ದೆ ಉಣ್ತಾವ್ರೆ. 'ನಮ್ಮನೆಯವ್ರು ಹಿಂದ್ಲಿಂದ ಬರ್ತಾವ್ರೆ, ಭಾಳಾ ಹೆದರ್ಕಂಡವ್ರೆ, ವಸಿ ನೋಡ್ಕ' ಅಂತ ನನ್ನ ಕರೆಸವ್ರೆ. ಬನ್ನಿ, ಮಲಿಕಳಿ."

ಮಲಗಿದೆ. ನಿಂಗಮ್ಮ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕಂಬಳಿ ಹೊದಿಸಿ, ಮೆಣಸಿನ ಕಷಾಯ ಕುಡಿಸಿದಳು. ಗಂಗಮ್ಮನ ಹೆರಿಗೆಗೆ ಇನ್ನೂ ಒಂದು ತಿಂಗಳಿತ್ತು. ಆ ಮನೆಯಲ್ಲಿ ಮೊದಲು ಬಾಣಂತನ ಮಾಡಿಸಿಕೊಂಡವನು ನಾನೇ!